ಬಡಿಸಿದವರು ಸೋತ ಮ್ಯಾಚು

ಬಾಸ್ಕೆಟ್‌ಬಾಲ್ ಜೆರ್ಸಿಯ ಮೇಲೆ ಸಾಂಬಾರಿನ ಕಲೆ ಹೇಗೆ ಬರುತ್ತದೆ?

ಬೆವರಿನ ಕಲೆಯಾದರೆ ಒಪ್ಪುತ್ತೇನೆ. ಮಣ್ಣಾದರೂ ಸರಿ. ಆದರೆ ಎಡಪಕ್ಕೆಯಿಂದ ಸೊಂಟದವರೆಗೆ ಉದ್ದಕ್ಕೆ ಇಳಿದ ಹಳದಿ ಪಟ್ಟಿ? ನೆನೆಸಿದೆ, ಉಜ್ಜಿದೆ, ನಿಂಬೆಹುಳಿ ಹಚ್ಚಿ ಬಿಸಿಲಿಗೆ ಹಾಕಿದೆ. ಜಪ್ಪಯ್ಯ ಅಂದರೂ ಹೋಗಲಿಲ್ಲ. ಮೂಗಿನ ಹತ್ತಿರ ಹಿಡಿದರೆ ಇಂಗಿನ ವಾಸನೆ ಬೇರೆ. ಉಡುಪಿಯಲ್ಲಿ ಹುಟ್ಟಿ ಉಡುಪಿಗೇ ಮದುವೆಯಾದವಳು ನಾನು. ಅದು ಸಾಂಬಾರೇ ಎಂದು ಹೇಳಲು ನನಗೆ ಲ್ಯಾಬ್ ಟೆಸ್ಟ್ ಬೇಕಾಗಿಲ್ಲ.

ಜೆರ್ಸಿ ನಮ್ಮ ಅಶ್ವಿತಾಳದ್ದು. ನನ್ನ ತಂಗಿಯ ಮಗಳು. ತಂಗಿಯ ಮನೆ ಇನ್ನಂಜೆಯಲ್ಲಿ, ಕಾಲೇಜು ಇರುವುದು ಮಣಿಪಾಲಕ್ಕೆ ಹೋಗುವ ದಾರಿಯಲ್ಲಿ, ಪ್ರಾಕ್ಟೀಸು ಬೆಳಗ್ಗೆ ಹಾಲಿನವನು ಬರುವ ಮೊದಲೇ ಶುರು. ಅಷ್ಟು ಬೇಗ ಆ ಕಡೆಯಿಂದ ಬಸ್ಸಿಲ್ಲ. ಹಾಗಾಗಿ ಡಿಗ್ರಿಯ ಮೂರು ವರ್ಷವೂ ಆದಿ ಉಡುಪಿಯ ನಮ್ಮ ಮನೆಯಲ್ಲೇ ವಾಸ. (ಮನೆಯೊಳಗೆ ಚೆಂಡು ಕುಟ್ಟಬಾರದು ಎಂಬುದೊಂದೇ ನನ್ನ ಷರತ್ತು. ಅದನ್ನು ಅವಳು ಪಾಲಿಸಿದ್ದಾಳೆ ಎಂದು ನಾನಿಲ್ಲಿ ಬರೆದರೆ ಪಕ್ಕದ ಮನೆಯವರು ಪೇಪರ್ ಮಡಚಿ ನಗುತ್ತಾರೆ.)

ಅವಳು ಕಾಲೇಜಿನ ಹುಡುಗಿಯರ ಟೀಮಿನ ಕ್ಯಾಪ್ಟನ್. ಎರಡು ವಾರದ ಹಿಂದಿನ ಶನಿವಾರ ಅವರದೇ ಕೋರ್ಟಿನಲ್ಲಿ ಇಂಟರ್ ಕಾಲೇಜ್ ಟೂರ್ನಮೆಂಟು. ಬೆಳಗ್ಗೆ ಸೆಮಿಫೈನಲ್ ಲೀಲಾಜಾಲವಾಗಿ ಗೆದ್ದರು. ಮಧ್ಯಾಹ್ನ ಫೈನಲ್, ಎದುರಾಳಿ ಕಾರ್ಕಳದ ಕಾಲೇಜು. ಈ ವರ್ಷ ಅದೇ ಕಾರ್ಕಳವನ್ನು ಕಾರ್ಕಳಕ್ಕೇ ಹೋಗಿ ಸೋಲಿಸಿ ಬಂದವರು ಇವರು. ಇನ್ನು ಸ್ವಂತ ಅಂಗಳದಲ್ಲಿ ಕೇಳಬೇಕೇ? ಕಪ್ ಇಡಲು ಪ್ರಿನ್ಸಿಪಾಲರ ಕೋಣೆಯ ಶೋಕೇಸಿನಲ್ಲಿ ಜಾಗ ಖಾಲಿ ಮಾಡಿಯಾಗಿತ್ತಂತೆ.

ಸೋತರು. ಮೂರು ಪಾಯಿಂಟಿನಲ್ಲಿ.

ಸೋಲು ಗೆಲುವು ಇದ್ದದ್ದೇ, ಅದಕ್ಕೆಂತ ಅಂಕಣ ಎನ್ನುತ್ತೀರಾ? ಸ್ವಲ್ಪ ತಡೆಯಿರಿ. ಈ ಫೈನಲ್ ನೋಡಲು ಯೂನಿವರ್ಸಿಟಿ ಟೀಮಿನ ಸೆಲೆಕ್ಟರುಗಳು ಬಂದು ಕೂತಿದ್ದರು. ಅಶ್ವಿತಾಳಿಗೆ ಇದು ಕೊನೆಯ ವರ್ಷ. ಮೊದಲನೆಯ ವರ್ಷ ಮಂಡಿ ಪೆಟ್ಟಾಗಿ ಸೆಲೆಕ್ಷನ್ ತಪ್ಪಿತ್ತು. ಎರಡನೆಯ ವರ್ಷ ಮುಂದಿನ ಸಲ ನೋಡುವ ಎಂದು ಬೆನ್ನು ತಟ್ಟಿ ಕಳಿಸಿದ್ದರು. ಇನ್ನು ಮುಂದಿನ ಸಲ ಎಂಬುದೇ ಇಲ್ಲ. ಅವಳಿಗೆ ಬಿ.ಪಿ.ಎಡ್. ಮಾಡಬೇಕು, ಯಾವುದಾದರೂ ಕಾಲೇಜಿನಲ್ಲಿ ಪಿ.ಡಿ. ಆಗಿ ಮಕ್ಕಳಿಗೆ ಆಟ ಕಲಿಸಬೇಕು, ಸೀಟಿ ಊದಿಕೊಂಡು ಜೀವನ ಕಳೆಯಬೇಕು. ಅವಳ ಅಮ್ಮನಿಗೆ, ಅಂದರೆ ನನ್ನ ತಂಗಿಗೆ, ಇದು ಸುತಾರಾಂ ಇಷ್ಟವಿಲ್ಲ. ಹುಡುಗಿ ಎಂ.ಕಾಂ. ಮಾಡಿ ತಣ್ಣಗೆ ಬ್ಯಾಂಕಿನಲ್ಲಿ ಕೂರಬೇಕು. ಕೊನೆಗೆ ಒಂದು ರಾಜಿಯಾಗಿತ್ತು: ಯೂನಿವರ್ಸಿಟಿಗೆ ಆಡಿದರೆ ನಿನ್ನ ದಾರಿ ನಿನಗೆ, ಇಲ್ಲದಿದ್ದರೆ ಮಾತಾಡದೆ ಎಂ.ಕಾಂ. ಫೈನಲ್ ಗೆದ್ದರೆ ಕ್ಯಾಪ್ಟನ್ ಸೆಲೆಕ್ಟ್ ಆಗುವುದು ಗ್ಯಾರಂಟಿ ಎಂದು ಎಲ್ಲರೂ ಹೇಳುತ್ತಿದ್ದರು.

ಆ ಫೈನಲ್ಲನ್ನು ನಾನು ನೋಡಿದ್ದೇನೆ. ಮಧ್ಯಾಹ್ನ ಮನೆಯ ಊಟ ಮುಗಿಸಿ, ಪಾತ್ರೆ ತೊಳೆದಿಟ್ಟು, ರಿಕ್ಷಾ ಹಿಡಿದು ಹೋಗುವಷ್ಟರಲ್ಲಿ ಆಟ ಶುರುವಾಗಲಿಕ್ಕಿತ್ತು. ಮೊದಲ ಕ್ವಾರ್ಟರಿನಲ್ಲಿ ನಮ್ಮವರು ಮುಂದಿದ್ದರು. ಎರಡನೆಯದರಲ್ಲಿ ಸಮ ಸಮ. ಮೂರನೆಯದರಲ್ಲಿ ಏನೋ ಆಯಿತು. ಓಡುವ ಹುಡುಗಿಯರು ನಡೆಯತೊಡಗಿದರು. ರುಹೈನಾ ಎಂದು ಕಾಪುವಿನ ಹುಡುಗಿ ಒಬ್ಬಳಿದ್ದಾಳೆ, ಅಶ್ವಿತಾಳ ಜೀವದ ಗೆಳತಿ, ಅವಳು ಓಡಿದರೆ ಹಿಡಿಯುವವರಿಲ್ಲ. ಆವತ್ತು ಅವಳು ಪಕ್ಕೆ ಹಿಡಿದುಕೊಂಡು ಮುಖ ಹಿಂಡುತ್ತಿದ್ದಳು. ಅಶ್ವಿತಾ ಎರಡೂ ಮಂಡಿಗೆ ಕೈ ಊರಿ ಬಗ್ಗಿ ನಿಂತಿದ್ದಳು. ಕಾರ್ಕಳದ ಹುಡುಗಿಯರು ಆಗಷ್ಟೇ ನಿದ್ದೆಯಿಂದ ಎದ್ದವರ ಹಾಗೆ ಫ್ರೆಶ್ ಆಗಿದ್ದರು.

ಕೊನೆಗೆ ಎರಡು ಪಾಯಿಂಟ್ ಹಿಂದಿರುವಾಗ ಅಶ್ವಿತಾಳಿಗೆ ಎರಡು ಫ್ರೀ ಥ್ರೋ ಸಿಕ್ಕಿತು. ನಮ್ಮ ಮನೆಯ ಹಿತ್ತಲಲ್ಲಿ ಮಾವಿನ ಮರಕ್ಕೆ ಕಟ್ಟಿದ ರಿಂಗಿಗೆ ಕಣ್ಣು ಮುಚ್ಚಿ ಹಾಕುವ ಹುಡುಗಿ. ಮೊದಲನೆಯದು ರಿಂಗಿನ ಮುಂಭಾಗಕ್ಕೆ ತಾಗಿ ಕೆಳಗೆ. ಎರಡನೆಯದು ರಿಂಗನ್ನು ಮುಟ್ಟಲೇ ಇಲ್ಲ. ಕಾರ್ಕಳದವರು ಇನ್ನೊಂದು ಪಾಯಿಂಟ್ ಸೇರಿಸಿಕೊಂಡರು, ಸೀಟಿ ಊದಿಯಾಯಿತು.

ಹುಡುಗಿ ಅಳಲಿಲ್ಲ. ಕಾರ್ಕಳದವರಿಗೆಲ್ಲ ಕೈ ಕುಲುಕಿದಳು, ಮನೆಗೆ ಬಂದಳು, ಊಟ ಬೇಡ ಎಂದಳು, ಮಲಗಿದಳು. ಅಳದವರನ್ನು ನೋಡಿದರೆ ನನಗೆ ಹೆಚ್ಚು ಹೆದರಿಕೆ.

ಸೆಲೆಕ್ಟರುಗಳು ಬಾಗಿಲು ಪೂರ್ತಿ ಹಾಕಿರಲಿಲ್ಲ. ಟೀಮಿನಲ್ಲಿ ಕೊನೆಯ ಎರಡು ಜಾಗ ಬಾಕಿ ಉಂಟು, ಎಂಟು ಹುಡುಗಿಯರನ್ನು ಮುಂದಿನ ವಾರ ಭಾನುವಾರ ಮಣಿಪಾಲದಲ್ಲಿ ಇನ್ನೊಮ್ಮೆ ಆಡಿಸಿ ನೋಡುತ್ತೇವೆ ಎಂದಿದ್ದರಂತೆ. ಆ ಎಂಟರಲ್ಲಿ ಇವಳೂ ಒಬ್ಬಳು. ಗ್ಯಾರಂಟಿ ಇದ್ದದ್ದು ಈಗ ಪರೀಕ್ಷೆಯಾಯಿತು.

ಇನ್ನು ಊರಿನ ಕಥೆ ಕೇಳಿ. ಸೋತದ್ದು ಯಾಕೆ ಎಂಬುದಕ್ಕೆ ಒಂದೊಂದು ಬಾಯಲ್ಲಿ ಒಂದೊಂದು ಕಾರಣ. ನಮ್ಮನೆಯವರು ಜನ್ಮದಲ್ಲಿ ಬಾಸ್ಕೆಟ್‌ಬಾಲ್ ಮುಟ್ಟಿದವರಲ್ಲ, ಆದರೆ ಡಿಫೆನ್ಸ್ ಸರಿಯಿರಲಿಲ್ಲ ಎಂದು ರಾತ್ರಿಯ ಊಟದ ಹೊತ್ತಿಗೆ ಚಮಚ, ಲೋಟ ಜೋಡಿಸಿ ನನಗೆ ತೋರಿಸಿಕೊಟ್ಟರು. ಪಕ್ಕದ ಮನೆಯ ನಿವೃತ್ತ ಮೇಷ್ಟ್ರ ಪ್ರಕಾರ ಎಲ್ಲವೂ ಮೊಬೈಲಿನಿಂದ. (ಅವರ ಪ್ರಕಾರ ಚರಂಡಿ ಕಟ್ಟುವುದೂ ಮೊಬೈಲಿನಿಂದಲೇ.) ಬುಧವಾರದ ಸಂತೆಯಲ್ಲಿ ಬೆಂಡೆಕಾಯಿ ಆರಿಸುತ್ತಿದ್ದವರೊಬ್ಬರು ರೆಫ್ರಿ ಕಾರ್ಕಳದವರ ಸಂಬಂಧಿಯಂತೆ, ಹೌದಾ ಎಂದು ಕಿವಿಯಲ್ಲಿ ಕೇಳಿದರು. ನನ್ನ ಅತ್ತೆಗೆ ಎಂಬತ್ತರ ಹತ್ತಿರ ಹತ್ತಿರ. ಮಗುವಿಗೆ ದೃಷ್ಟಿಯಾಗಿದೆ ಎಂದು ಉಪ್ಪು, ಮೆಣಸು ನಿವಾಳಿಸಿ ಒಲೆಗೆ ಹಾಕಿದರು. ಮನೆಯವರೆಲ್ಲ ಕೆಮ್ಮಿದ್ದಷ್ಟೇ ಲಾಭ.

ಅಶ್ವಿತಾಳನ್ನು ಕೇಳಿದರೆ ಒಂದೇ ಉತ್ತರ: ಅವರು ಚೆನ್ನಾಗಿ ಆಡಿದರು ದೊಡ್ಡಮ್ಮ.

ಈ ಹೊತ್ತಿಗೇ ನನ್ನ ಕೈಗೆ ಆ ಜೆರ್ಸಿ ಬಂದದ್ದು.

ಸಂತೆಯ ದಿನ ಸಂಜೆ ರುಹೈನಾ ನಮ್ಮ ಮನೆಗೆ ಬಂದಿದ್ದಳು. ಇಬ್ಬರೂ ಹಿತ್ತಲಲ್ಲಿ ಶೂಟಿಂಗ್ ಪ್ರಾಕ್ಟೀಸ್ ಮಾಡಿ ಒಳಗೆ ಬಂದು ಕೂತು ಅವಲಕ್ಕಿ ತಿನ್ನುತ್ತಿರುವಾಗ ನಾನು ಜೆರ್ಸಿಯನ್ನು ವಕೀಲರು ಕೋರ್ಟಿನಲ್ಲಿ ಸಾಕ್ಷಿ ಹಿಡಿದಂತೆ ಎದುರಿಗೆ ಹಿಡಿದೆ. ಇದೆಂತದು ಎಂದೆ.

ಇಬ್ಬರೂ ಮುಖ ಮುಖ ನೋಡಿಕೊಂಡು ನಗಲಿಕ್ಕೆ ಶುರು ಮಾಡಿದರು. ಸೋತ ಮೇಲೆ ಅಶ್ವಿತಾ ನಕ್ಕದ್ದನ್ನು ನಾನು ಅಂದೇ ನೋಡಿದ್ದು.

ನಡೆದದ್ದು ಇಷ್ಟು. (ಅವರು ಹೇಳಿದ್ದು ಅರ್ಧ ತುಳು, ಅರ್ಧ ಕನ್ನಡದಲ್ಲಿ. ನಾನು ಪೂರ್ತಿ ಕನ್ನಡದಲ್ಲಿ ಹೇಳುತ್ತೇನೆ.) ಟೂರ್ನಮೆಂಟಿನ ಮಧ್ಯಾಹ್ನದ ಊಟ ಆತಿಥೇಯ ಕಾಲೇಜಿನದ್ದು. ಬೇರೆ ಊರಿನಲ್ಲಾದರೆ ಒಂದೊಂದು ಪ್ಯಾಕೆಟ್ ಬಿರಿಯಾನಿ ಕೈಗಿಟ್ಟು ಮುಗಿಸುತ್ತಿದ್ದರೋ ಏನೋ. ಇದು ಉಡುಪಿ. ಊಟವೆಂದರೆ ಎಲೆ ಹಾಕಬೇಕು, ಪಂಕ್ತಿ ಕೂರಬೇಕು, ಉಪ್ಪಿನಕಾಯಿಯಿಂದ ಮಜ್ಜಿಗೆಯವರೆಗೆ ಎಲ್ಲವೂ ಕ್ರಮಪ್ರಕಾರ ಬರಬೇಕು. ಹೊರಗಿನ ಮೂರು ಟೀಮು, ಅವರ ಕೋಚುಗಳು, ರೆಫ್ರಿಗಳು, ಸೆಲೆಕ್ಟರುಗಳು, ಲೆಕ್ಚರರುಗಳು. ಅಡುಗೆಯವರು ಅಡುಗೆಯನ್ನೇನೋ ಸಮಯಕ್ಕೆ ಸರಿಯಾಗಿ ತಂದರು. ಬಡಿಸುವವರು ಬರಲಿಲ್ಲ. ಆವತ್ತು ಭರ್ಜರಿ ಮುಹೂರ್ತ, ಉಡುಪಿಯ ಕಲ್ಯಾಣಮಂಟಪಗಳಲ್ಲೆಲ್ಲ ಮದುವೆ. ಬಡಿಸುವ ಜನ ಅತ್ತ ಹೋಗಿಬಿಟ್ಟಿದ್ದರು.

ಎಲೆ ಹಾಕಿಯಾಗಿತ್ತು. ಅತಿಥಿಗಳು ಎಲೆಗೆ ನೀರು ಚಿಮುಕಿಸಿ ಕಾಯುತ್ತಾ ಕೂತಿದ್ದರು. ಅಶ್ವಿತಾ ನನಗೆ ಅದನ್ನು ಹೇಳುವಾಗಲೂ ಅವಳ ಮುಖದಲ್ಲಿ ಆ ಗಾಬರಿ ಇತ್ತು.

"ಎಂತ ಮಾಡುವುದು ದೊಡ್ಡಮ್ಮ, ಖಾಲಿ ಎಲೆಯ ಎದುರು ಕೂತಿದ್ದಾರೆ. ನೋಡ್ತಾ ನಿಲ್ಲುವುದಾ?"

ನಿಲ್ಲಲಿಲ್ಲ. ಕ್ಯಾಪ್ಟನ್ ಸಾಂಬಾರಿನ ಬಕೆಟ್ ಎತ್ತಿದಳು. ರುಹೈನಾ ಅನ್ನದ ಬುಟ್ಟಿ ಹಿಡಿದಳು. ಉಳಿದವರು ಪಲ್ಯ, ಸಾರು, ಹಪ್ಪಳ ಹಂಚಿಕೊಂಡರು. ಯಾರೂ ಹೇಳಲಿಲ್ಲ, ಯಾರೂ ಕೇಳಲಿಲ್ಲ. ಬೆಳಗ್ಗೆ ಸೆಮಿಫೈನಲ್ ಆಡಿದ ಅದೇ ಜೆರ್ಸಿಯಲ್ಲಿ ಬಕೆಟನ್ನು ಎಡ ಸೊಂಟಕ್ಕೆ ಆನಿಸಿಕೊಂಡು ಎರಡು ಪಂಕ್ತಿ ಬಡಿಸಿದರು. ಇಲ್ಲಿಗೆ ಕಲೆಯ ಮೂಲ ಪತ್ತೆಯಾಯಿತು.

ಸೆಲೆಕ್ಟರಿಗೆ ಇವಳೇ ಎರಡನೆಯ ಸಲ ಸಾಂಬಾರು ಹಾಕಿದಳಂತೆ. ಅವರು ಸಾಕು ಮಗಾ ಎಂದರಂತೆ. ಇವಳು ಸ್ವಲ್ಪವೇ ಸರ್ ಎಂದು ಇನ್ನೊಂದು ಸೌಟು ಹಾಕಿದಳಂತೆ. ಯಾರ ಮನೆಯ ಹುಡುಗಿ, ಹೇಳಿ.

ಇಷ್ಟಾದರೂ ಮ್ಯಾಚ್ ಸೋಲಬೇಕೆಂದಿರಲಿಲ್ಲ. ನಿಜವಾದ ಎಡವಟ್ಟು ಆದದ್ದು ಆಮೇಲೆ. ಕಾರ್ಕಳದವರ ಕೋಚ್ ಒಬ್ಬರು ಮೇಡಂ. ತನ್ನ ಹುಡುಗಿಯರಿಗೆ ಒಂದು ಹಿಡಿ ಅನ್ನ ಸಾರು, ಒಂದು ಹಿಡಿ ಮೊಸರನ್ನ, ಅಲ್ಲಿಗೆ ಸ್ಟಾಪ್ ಎಂದಿದ್ದರು. ಪಾಯಸ ಮ್ಯಾಚ್ ಆದ ಮೇಲೆ. ಆ ಹುಡುಗಿಯರು ಬೇಗ ಎದ್ದು ಕೈ ತೊಳೆದರು. ಇವರು ಇನ್ನೂ ಉಣ್ಣದೆ ಓಡಾಡುವುದನ್ನು ಅವರ ಕ್ಯಾಪ್ಟನ್ ಪ್ರತೀಕ್ಷಾ ನೋಡಿದಳು. ಒಳ್ಳೆಯ ಹುಡುಗಿ. ಹತ್ತಿರ ಬಂದು, ನೀವು ಕೂತುಕೊಳ್ಳಿ ಮಾರಾಯ್ತಿ, ಎರಡನೆಯ ಪಂಕ್ತಿ ನಾವು ಬಡಿಸುತ್ತೇವೆ ಎಂದು ಬಕೆಟಿಗೇ ಕೈ ಹಾಕಿದಳಂತೆ.

ನಮ್ಮವಳು ಕೊಟ್ಟಳೇ?

"ಗೆಸ್ಟಿನ ಕೈಯಲ್ಲಿ ಬಡಿಸಿಕೊಂಡು ಊಟ ಮಾಡುವುದಾ ಆಂಟಿ? ನಾಚಿಕೆ ಅಲ್ವಾ?" ಎಂದಳು ರುಹೈನಾ. ಅವರ ಮನೆಯಲ್ಲೂ ಹಾಗೆಯೇ. ಬಂದವರು ಕೈ ತೊಳೆದ ಮೇಲೆಯೇ ಮನೆಯ ಹೆಂಗಸರು ತಟ್ಟೆ ಎಳೆದುಕೊಳ್ಳುವುದು. ಇನ್ನಂಜೆ ಇರಲಿ, ಕಾಪು ಇರಲಿ, ಮಾಡುವ ಪ್ರಾರ್ಥನೆ ಬೇರೆ ಇರಬಹುದು, ಊಟಕ್ಕೆ ಕೂರುವ ಸರದಿ ಒಂದೇ.

ಹಾಗೆ ಎಲ್ಲರದ್ದೂ ಆಗಿ, ಲೆಕ್ಚರರುಗಳದ್ದೂ ಆಗಿ, ಕೊನೆಯ ಪಂಕ್ತಿಯಲ್ಲಿ ಟೀಮು ಕೂತಿತು. ಅಷ್ಟರಲ್ಲಿ ಅತ್ತ ಮೈಕಿನಲ್ಲಿ ಫೈನಲಿನ ಅನೌನ್ಸ್‌ಮೆಂಟು. ಇತ್ತ ಅಡುಗೆಯ ಭಟ್ಟರಿಗೆ ಕರುಳು ಚುರುಕ್ ಅಂದಿದೆ. ಬಡಿಸಿ ಸುಸ್ತಾದ ಮಕ್ಕಳು, ಪಾಪ. ಒಂದು ಹೋಳಿಗೆಯ ಜಾಗದಲ್ಲಿ ಎರಡು. ಮೇಲೆ ತುಪ್ಪ. ಆಮೇಲೆ ಗೋಧಿ ಪಾಯಸ, ಬೇಡ ಬೇಡ ಎಂದರೂ. ಎಲೆಗೆ ಬಿದ್ದದ್ದನ್ನು ಬಿಟ್ಟು ಏಳುವ ಮಕ್ಕಳೇ ಇವರು? ನಾವೇ ಬೆಳೆಸಿದ್ದಲ್ಲವೇ? ಕೈ ತೊಳೆದು, ಬಾಯಿ ಒರೆಸಿ, ಸೀದಾ ಕೋರ್ಟಿಗೆ. ಮೂರನೆಯ ಕ್ವಾರ್ಟರಿನಲ್ಲಿ ಆ ಪಾಯಸ ಮಾತಾಡಿತು.

ನನಗೆ ನಗು ಬಂತು, ಸಿಟ್ಟೂ ಬಂತು. ಹೆಚ್ಚು ಬಂದದ್ದು ಯಾವುದು ಎಂದರೆ, ನಿಜ ಹೇಳುತ್ತೇನೆ, ಹೆಮ್ಮೆ. ಅತಿಥಿಗಳನ್ನು ಖಾಲಿ ಎಲೆಯ ಎದುರು ಕೂರಿಸಿ ಕಪ್ ಗೆದ್ದು ತಂದಿದ್ದರೆ ನಾನು ಇಷ್ಟು ಖುಷಿಯಲ್ಲಿ ಈ ಕಥೆ ಬರೆಯುತ್ತಿರಲಿಲ್ಲ.

ಆದರೂ ಒಂದು ಮುಳ್ಳು ಚುಚ್ಚುತ್ತಿತ್ತು. ಇಡೀ ಕಾಲೇಜಿನಲ್ಲಿ ದೊಡ್ಡವರು ಎಂಬವರು ಒಬ್ಬರೂ ಇರಲಿಲ್ಲವೇ? ಈ ಮಕ್ಕಳಿಗೆ ಈಗ ಫೈನಲ್ ಉಂಟು, ಬಕೆಟ್ ಇಲ್ಲಿ ಕೊಡಿ ಎನ್ನಲು ಒಂದು ಬಾಯಿ ಇರಲಿಲ್ಲವೇ?

ಇದ್ದವು, ತುಂಬ ಇದ್ದವು. ಅವು ಹೊಗಳುತ್ತಿದ್ದವು. ಆವತ್ತು ಮಧ್ಯಾಹ್ನವೇ ನಾನೂ ಇರುವ ಕಾಲೇಜಿನ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಫೋಟೋ ಬಂದಿತ್ತು. ಜೆರ್ಸಿ ತೊಟ್ಟ ಹುಡುಗಿಯರು ಬಗ್ಗಿ ಬಡಿಸುತ್ತಿರುವ ಫೋಟೋ. ಕೆಳಗೆ ನಮ್ಮ ಸಂಸ್ಕಾರ, ನಮ್ಮ ಹೆಮ್ಮೆ ಎಂದು ಬರೆದಿತ್ತು. ಅದಕ್ಕೆ ಹೆಬ್ಬೆರಳುಗಳ, ಮುಗಿದ ಕೈಗಳ ಸುರಿಮಳೆ. ನಾನೂ ಸರಿಯಾಗಿ ನೋಡದೆಯೇ ಒಂದು ಹೆಬ್ಬೆರಳು ಒತ್ತಿ ಮರೆತುಬಿಟ್ಟಿದ್ದೆ. ಪಂಕ್ತಿಯಲ್ಲಿ ಕೂತು ಫೋಟೋ ತೆಗೆದವರಾಗಲಿ, ಮನೆಯಲ್ಲಿ ಕೂತು ನೋಡಿದ ನಾನಾಗಲಿ, ಇವರ ಊಟ ಆಯಿತೇ ಎಂದು ಕೇಳಲಿಲ್ಲ.

ನನ್ನ ಸ್ವಭಾವ ನಿಮಗೆ ಗೊತ್ತುಂಟಲ್ಲ. ಸುಮ್ಮನಿರಲಾಗಲಿಲ್ಲ, ಪಿ.ಡಿ. ದಿವಾಕರ ಸರ್‌ಗೆ ಫೋನ್ ಮಾಡಿದೆ. ತುಂಬಾ ಒಳ್ಳೆಯ ಮನುಷ್ಯ. ಆ ಹುಡುಗಿಯರಿಗಾಗಿ ತನ್ನ ಸ್ವಂತ ಬೈಕಿನಲ್ಲಿ ಚೆಂಡು, ನೆಟ್ಟು ಹೊತ್ತು ತಿರುಗುವವರು. ಸೋಲಿನಿಂದ ಅವರೂ ಬಡವಾಗಿದ್ದರು. ಫ್ರೀ ಥ್ರೋ ಇನ್ನೂ ಜಾಸ್ತಿ ಪ್ರಾಕ್ಟೀಸ್ ಮಾಡಿಸಬೇಕಿತ್ತು ಮೇಡಂ ಎಂದು ತಮ್ಮನ್ನೇ ಬೈದುಕೊಳ್ಳುತ್ತಿದ್ದರು. ನಾನು ಬಡಿಸಿದ ವಿಷಯ ಎತ್ತಿದೆ. ಅವರ ಸ್ವರ ಅರಳಿತು. ನಾನು ಸ್ಕೋರರ್ ಟೇಬಲ್ ಹತ್ತಿರ ಇದ್ದೆ, ಬಂದು ನೋಡಿದರೆ ಮಕ್ಕಳು ಬಡಿಸುತ್ತಿದ್ದಾರೆ, ಕಣ್ಣಲ್ಲಿ ನೀರು ಬಂತು, ಗೆಸ್ಟುಗಳ ಹತ್ತಿರ ನೋಡಿ ಸರ್ ನಮ್ಮ ಮಕ್ಕಳು ಎಂದು ತೋರಿಸಿದೆ ಎಂದರು.

ನಾನು ಒಂದೇ ಪ್ರಶ್ನೆ ಕೇಳಿದೆ. ಹೋದ ತಿಂಗಳು ಇದೇ ಕೋರ್ಟಿನಲ್ಲಿ ಹುಡುಗರ ಟೂರ್ನಮೆಂಟ್ ಇತ್ತಲ್ಲ, ನಮ್ಮ ಹುಡುಗರು ಗೆದ್ದರಲ್ಲ, ಆವತ್ತು ಯಾರು ಬಡಿಸಿದ್ದು?

ಆವತ್ತೂ ಬಡಿಸುವವರು ಕಮ್ಮಿ ಇದ್ದರು ಮೇಡಂ ಎಂದರು ಸರ್. ಆವತ್ತೂ ನಮ್ಮ ಹುಡುಗಿಯರೇ ಬಂದು ಬಡಿಸಿದ್ದು, ಅಶ್ವಿತಾ, ರುಹೈನಾ ಎಲ್ಲ.

ಹುಡುಗರು ಬಡಿಸಲಿಲ್ಲವೇ ಎಂದೆ.

"ಹುಡುಗರಿಗೆ... ಹುಡುಗರಿಗೆ ಮ್ಯಾಚ್ ಇತ್ತಲ್ಲ ಮೇಡಂ."

ಹೇಳಿ ಮುಗಿಸಿದರು. ಆಮೇಲೆ ಆ ಕಡೆಯಿಂದ ಸದ್ದಿಲ್ಲ. ಲೈನ್ ಕಟ್ಟಾಯಿತೆಂದುಕೊಂಡೆ. ಕಟ್ಟಾಗಿರಲಿಲ್ಲ, ಸರ್ ತಾನು ಹೇಳಿದ್ದನ್ನು ತಾನೇ ಕೇಳಿಸಿಕೊಳ್ಳುತ್ತಿದ್ದರು. ಕೊನೆಗೆ ಮೆಲ್ಲಗೆ, ಛೆ, ನನಗೆ ಹೊಳೆಯಲೇ ಇಲ್ಲ ನೋಡಿ ಮೇಡಂ ಎಂದರು. ಆ ಪ್ರಾಮಾಣಿಕತೆಗೆ ನಾನು ಜಗಳದ ಮೂಡನ್ನು ಅಲ್ಲಿಗೇ ಮಡಚಿಟ್ಟೆ.

ಹುಡುಗರಿಗೆ ಬಡಿಸಲಿಕ್ಕೆ ಬರುವುದಿಲ್ಲ ಎಂದು ಮಾತ್ರ ಹೇಳಬೇಡಿ. ನಮ್ಮೂರಿನ ದೇವಸ್ಥಾನಗಳಲ್ಲಿ, ಮದುವೆಗಳಲ್ಲಿ ಸೊಂಟಕ್ಕೆ ಬೈರಾಸು ಟವೆಲ್ ಬಿಗಿದು ಬಕೆಟ್ ಹಿಡಿದು ಓಡುವವರು ಗಂಡಸರೇ. ಒಂದು ತೊಟ್ಟು ಚೆಲ್ಲದೆ ಸಾರು ಬಡಿಸಿಯಾರು. ಬರುತ್ತದೆ, ಚೆನ್ನಾಗಿಯೇ ಬರುತ್ತದೆ. ಆದರೆ ತನ್ನ ಮ್ಯಾಚಿನ ದಿನ ತಾನು ಮೊದಲು ಉಣ್ಣಬೇಕೆಂಬುದೂ ಅವರಿಗೆ ಯಾರೂ ಹೇಳಿಕೊಡದೆ ಗೊತ್ತಿರುತ್ತದೆ. ನಮ್ಮ ಹುಡುಗಿಯರಿಗೆ ಅದನ್ನು ಯಾರು ಹೇಳಬೇಕಿತ್ತು?

ನಾವು. ನಾವೇನು ಮಾಡುತ್ತಿದ್ದೇವೆ? ಮನೆಯಲ್ಲಿ ಕಾರ್ಯಕ್ರಮ ಮುಗಿದ ಮರುದಿನ ನಾವು ಹೆಂಗಸರು ಫೋನಿನಲ್ಲಿ ಹೇಳಿಕೊಳ್ಳುವುದನ್ನು ಕೇಳಿದ್ದೀರಾ? ನಿನ್ನೆ ನನ್ನ ಊಟ ಆಗುವಾಗ ಮೂರೂವರೆ ಎಂದು ಒಬ್ಬಳು. ನಿನ್ನದು ಪುಣ್ಯ, ನಾನು ಕೂರುವಾಗ ನಾಲ್ಕು, ಪಲ್ಯ ಪೂರಾ ಖಾಲಿ ಎಂದು ಇನ್ನೊಬ್ಬಳು. ಬರೀ ಮಜ್ಜಿಗೆ ಕುಡಿದು ಎದ್ದೆ ಎಂದು ಮೂರನೆಯವಳು ಹೇಳಿದಳೆಂದರೆ ಗೋಲ್ಡ್ ಮೆಡಲ್ ಅವಳಿಗೇ. ಈ ಸ್ಪರ್ಧೆಯನ್ನು ಮನೆಯ ಹೆಣ್ಣುಮಕ್ಕಳು ಚಿಕ್ಕಂದಿನಿಂದ ಕೇಳುತ್ತಾ ಬೆಳೆಯುತ್ತಾರೆ. ಬೆಳೆದು ಕ್ಯಾಪ್ಟನ್ ಆಗುತ್ತಾರೆ. ಫೈನಲಿನ ದಿನ ಕೊನೆಯ ಪಂಕ್ತಿಯಲ್ಲಿ ಕೂರುತ್ತಾರೆ.

ಇಷ್ಟೆಲ್ಲ ಜ್ಞಾನೋದಯವಾದ ಮೇಲೆ ನಾನು ಸುಧಾರಿಸಿದೆ ಎಂದುಕೊಂಡಿರಾ? ಭಾನುವಾರದ ಕಥೆ ಕೇಳಿ.

ಮಣಿಪಾಲದ ಟ್ರಯಲ್ ಎರಡೂವರೆಗೆ. ಅದೇ ದಿನ ನಮ್ಮ ಮನೆಯಲ್ಲಿ ಔತಣ. ಪೆರ್ಡೂರಿನಲ್ಲಿರುವ ನಾದಿನಿಯ ಮಗಳಿಗೆ ಹೊಸದಾಗಿ ಮದುವೆಯಾಗಿದೆ. ಹೊಸ ಜೋಡಿಯನ್ನು ಊಟಕ್ಕೆ ಕರೆಯಬೇಕು, ಕರೆದಾಗಿತ್ತು, ದಿನ ಬದಲಿಸುವ ಹಾಗಿಲ್ಲ. ಬೆಳಗ್ಗಿನಿಂದ ನಾನೂ ಅತ್ತೆಯೂ ಅಡುಗೆಮನೆಯಲ್ಲಿ. ಅನಾನಸ್ ಮೆಣಸ್ಕಾಯಿ, ಸೌತೆಕಾಯಿ ಹುಳಿ, ಕಡಲೆಬೇಳೆ ಪಾಯಸ, ಹೊಸ ಅಳಿಯನಿಗೆ ಇಷ್ಟವೆಂದು ಗೋಳಿಬಜೆ. ನಾದಿನಿ ಹನ್ನೊಂದಕ್ಕೇ ಫೋನ್ ಮಾಡಿ ಹೊರಟಾಯಿತು ಎಂದಿದ್ದಳು. (ನಮ್ಮ ಕಡೆ ಹೊರಟಾಯಿತು ಎಂದರೆ ಕಾರಿನ ಕೀ ಹುಡುಕುತ್ತಿದ್ದೇವೆ ಎಂದರ್ಥ.)

ಹನ್ನೆರಡು ಕಳೆದರೂ ಪತ್ತೆಯಿಲ್ಲ. ಅಶ್ವಿತಾ ಶೂ ಕೈಯಲ್ಲಿ ಹಿಡಿದು, ಬ್ಯಾಗ್ ಹೆಗಲಿಗೆ ಹಾಕಿ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಈಗ ಊಟ ಮಾಡಿದರೆ ಆಟಕ್ಕೆ ಸರಿಯಾಗುತ್ತದೆ. ಇನ್ನೂ ತಡವಾದರೆ ಒಂದೋ ಹಸಿವಿನಲ್ಲಿ ಆಡಬೇಕು, ಇಲ್ಲ ಹೊಟ್ಟೆ ಭಾರ ಮಾಡಿಕೊಂಡು ಆಡಬೇಕು. ನನ್ನ ಮುಖ ನೋಡಿದಳು, ಅಷ್ಟೇ.

ನನ್ನ ಬಾಯಿಂದ ಬಂದದ್ದು ಏನು ಗೊತ್ತಾ?

"ಐದು ನಿಮಿಷ ತಡಿ ಮಗಾ, ಅವರು ಬಂದೇ ಬಿಟ್ಟರು."

ಪಿ.ಡಿ. ಸರ್‌ಗೆ ಫೋನಿನಲ್ಲಿ ಪಾಠ ಮಾಡಿದ ನಾಲಿಗೆ ಇದು. ಹೊಸ ಅಳಿಯ ಎಲೆಯ ಮುಂದೆ ಕೂರುವ ಮೊದಲೇ ಅವನಿಗಾಗಿ ಮಾಡಿದ ಅಡುಗೆಯ ಪಾತ್ರೆಗೆ ಸೌಟು ಹಾಕುವುದು ಹೇಗೆ? ತಲೆ ಎಷ್ಟು ಹೇಳಿದರೂ ಕೈ ಏಳಬೇಕಲ್ಲ. ಹುಡುಗಿ ಸರಿ ದೊಡ್ಡಮ್ಮ ಎಂದು ಬ್ಯಾಗ್ ಕೆಳಗಿಟ್ಟಳು. ಅಷ್ಟು ಬೇಗ ಸರಿ ಎಂದವಳ ಮುಖ ನೋಡಲಾಗದೆ ನಾನು ಗೋಳಿಬಜೆಯ ಬಾಣಲೆಯ ಕಡೆ ತಿರುಗಿದೆ.

ಅತ್ತೆ ಮೂಲೆಯಲ್ಲಿ ಮಣೆಯ ಮೇಲೆ ಕೂತು ಒದ್ದೆ ಬಟ್ಟೆಯಿಂದ ಬಾಳೆಲೆ ಒರೆಸುತ್ತಿದ್ದರು. ಈ ಮನೆಯಲ್ಲಿ ಯಾರು ಮೊದಲು, ಯಾರು ಆಮೇಲೆ ಎಂಬ ಕಾನೂನನ್ನು ನನಗೆ ಕಲಿಸಿದವರೇ ಅವರು. ಮದುವೆಯಾಗಿ ಬಂದ ಹೊಸತರಲ್ಲಿ ಹಸಿವು ತಡೆಯದೆ ಒಂದು ಹಪ್ಪಳ ಮುರಿದದ್ದಕ್ಕೆ ಒಂದು ನೋಟ ನೋಡಿದ್ದರು, ಅದು ಸಾಕಿತ್ತು. ಅವರೀಗ ಮಂಡಿ ಹಿಡಿದುಕೊಂಡು ಎದ್ದರು. ಬೈಯಲಿಕ್ಕೆ ಎಂದುಕೊಂಡೆ. ಒರೆಸಿದ ಎಲೆಗಳಲ್ಲಿ ಮೇಲಿನ ಒಂದನ್ನು ತೆಗೆದು ನೆಲಕ್ಕೆ ಹಾಸಿದರು.

"ಕೂರು. ನಿನಗೆ ಇವತ್ತು ಮ್ಯಾಚ್ ಉಂಟಲ್ಲ."

ಅನ್ನ ಅವರೇ ಬಡಿಸಿದರು. ಹದವಾಗಿ ಸಾರು, ಮೇಲೆ ಒಂದು ಸೌಟು ಮೊಸರು. ಪಾಯಸದ ಪಾತ್ರೆಯ ಕಡೆ ಹುಡುಗಿ ಕಣ್ಣು ಹಾಯಿಸಿದ್ದಕ್ಕೆ, ಅದು ಆಡಿ ಬಂದ ಮೇಲೆ ಎಂದು ಮುಚ್ಚಳ ಸರಿಸಿ ಮುಚ್ಚಿದರು. (ಕಾರ್ಕಳದ ಕೋಚ್ ಮೇಡಂ ನಮ್ಮ ಅತ್ತೆಯ ಮುಂದೆ ಏನೇನೂ ಅಲ್ಲ.) ಅಶ್ವಿತಾ ಚಕಚಕನೆ ಉಂಡಳು, ಅಜ್ಜಿಯ ಕಾಲು ಮುಟ್ಟಿದಳು, ನನ್ನ ಸ್ಕೂಟರಿನ ಕೀ ಎತ್ತಿಕೊಂಡಳು, ಹೋದಳು.

ಮಂಗಳವಾರ ದಿವಾಕರ ಸರ್ ಫೋನ್ ಮಾಡಿದರು. ಅಶ್ವಿತಾ ಯೂನಿವರ್ಸಿಟಿ ಟೀಮಿನಲ್ಲಿ ಉಂಟು ಎಂದರು. ಟ್ರಯಲಿನಲ್ಲಿ ಅವಳನ್ನು ಹಿಡಿಯುವವರೇ ಇರಲಿಲ್ಲವಂತೆ. ಇನ್ನೊಂದು ಜಾಗ ಸಿಕ್ಕಿದ್ದು ಕಾರ್ಕಳದ ಪ್ರತೀಕ್ಷಾಳಿಗೆ. ಈಗ ಇಬ್ಬರೂ ಒಂದೇ ಟೀಮು, ಆಗಲೇ ಫೋನಿನಲ್ಲಿ ಗಂಟೆಗಟ್ಟಲೆ ಪಟ್ಟಾಂಗ. ರುಹೈನಾಳಿಗೆ ಇನ್ನೊಂದು ವರ್ಷ ಉಂಟು, ಮುಂದಿನ ಸಲ ತನ್ನದೇ ಎಂದು ಈಗಲೇ ಘೋಷಿಸಿದ್ದಾಳೆ. ಇನ್ನಂಜೆಗೆ ನಾನೇ ಸುದ್ದಿ ಮುಟ್ಟಿಸಿದೆ. ತಂಗಿ, ಆಯಿತು, ಊದಲಿ ಸೀಟಿ ಎಂದಳು. ನಮ್ಮನೆಯವರು ಚಮಚ, ಲೋಟ ಜೋಡಿಸಿ ಇನ್ನೊಂದು ಡಿಫೆನ್ಸ್ ವಿವರಿಸಲು ಬಂದರು, ಆವತ್ತು ಮಾತ್ರ ಪೂರ್ತಿ ಕೇಳಿದೆ.

ಆದರೆ ಇದನ್ನೆಲ್ಲ ಬರೆಯಲು ಕೂತದ್ದು ಸೆಲೆಕ್ಷನ್ ಸುದ್ದಿಗಾಗಿ ಅಲ್ಲ. ಭಾನುವಾರ ಮಧ್ಯಾಹ್ನ ಅವಳ ಸ್ಕೂಟರ್ ಗೇಟು ದಾಟಿದ ಮೇಲೆ ನಮ್ಮ ಅಡುಗೆಮನೆಯಲ್ಲಿ ಆದ ಒಂದು ಮಾತಿಗಾಗಿ.

ಅವಳ ಎಲೆ ತೆಗೆದು ನಾನು ನೆಲ ಒರೆಸುತ್ತಿದ್ದೆ. ನಾದಿನಿಯ ಫೋನ್ ಬಂತು. ಪರ್ಕಳದ ಹತ್ತಿರ ರಸ್ತೆ ಬ್ಲಾಕ್ ಆಗಿದೆಯಂತೆ, ಇನ್ನೂ ಅರ್ಧ ಗಂಟೆ ಆದೀತಂತೆ. ಅತ್ತೆ ಅದನ್ನು ಕೇಳಿಸಿಕೊಂಡರು. ಉಳಿದ ಎಲೆಗಳನ್ನು ನೋಡಿದರು, ಬಾಗಿಲ ಕಡೆ ನೋಡಿದರು. ಆಮೇಲೆ ಮಣೆ ಎಳೆದುಕೊಂಡು ಕೂತರು.

"ಹಾಗಾದರೆ ನನಗೂ ಒಂದು ಎಲೆ ಹಾಕು. ನೆಂಟರು ಬರುವ ದಿನ ನನಗೆ ಬೇಗ ಹಸಿವಾಗ್ತದೆ. ಮೊದಲಿಂದಲೂ."